ನೀಲಾಂಬಿಕಾ ಅವರ ಅರ್ಜಿಯ ಕೊನೆಯ ಸಾಲು

ಗದಗ,
ಜೂನ್ ೩೧, ೨೨೧೮

ಏಳು ತಲೆಮಾರು ಹಿಂದಿನ ಅಜ್ಜಿ ನೀಲಾಂಬಿಕಾ ಅವರಿಗೆ ಹೊನ್ನಾದೇವಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮ ಜೂನಿಗೆ ಮೂವತ್ತೊಂದು ದಿನ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪಠ್ಯಪುಸ್ತಕ ನೋಡಿ ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ಒರಟಾಗಿದ್ದರೆ ಕ್ಷಮಿಸಿ. ಅದು ಸಿಟ್ಟಿನಿಂದಲೂ ಇರಬಹುದು.

ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನೀವು ರಾಣೆಬೆನ್ನೂರಿನ ಬೀಜ ಕಂಪನಿಯೊಂದಕ್ಕೆ ಅರ್ಜಿ ಬರೆದು ಮುಗಿಸಿರುತ್ತೀರಿ, ಇನ್ನೂ ಅಂಚೆಗೆ ಹಾಕಿರುವುದಿಲ್ಲ. ಪ್ರಯೋಗಾಲಯ ಸಹಾಯಕಿಯ ಹುದ್ದೆಗೆ ಸಂದರ್ಶನಕ್ಕೆ ಕರೆಯಬೇಕೆಂದು ವಿನಂತಿ. 'ಇವರಿಂದ', 'ಇವರಿಗೆ', 'ಮಾನ್ಯರೇ', 'ವಿಷಯ' ಎಲ್ಲವೂ ಅದರದರ ಜಾಗದಲ್ಲಿವೆ. ಕೊನೆಗೆ ಮಾತ್ರ, ನಿಮ್ಮ ಅಣ್ಣ ತಂದುಕೊಟ್ಟ ಮಾದರಿ ಪತ್ರ ನೋಡಿ, ಎಲ್ಲರೂ ಇಳಿಸುವ ಸಾಲನ್ನು ನೀವೂ ಇಳಿಸಿದ್ದೀರಿ: 'ತಾವು ಯಾವ ಕೆಲಸ ವಹಿಸಿದರೂ, ಎಲ್ಲಿಗೆ ಕಳಿಸಿದರೂ ನಾನು ಮತ್ತು ನನ್ನ ಕುಟುಂಬದವರು ಎಂದೆಂದಿಗೂ ಸಿದ್ಧರಿರುತ್ತೇವೆ.'

ನಮ್ಮಲ್ಲಿ ಸಂದರ್ಶನವಿಲ್ಲ. ನಿಮ್ಮ ಕಾಲದಲ್ಲಿ ಎದುರು ಕೂರಿಸಿ ಮಾತಾಡಿಸುತ್ತಿದ್ದರು, ಒಪ್ಪದಿದ್ದರೆ ಎದ್ದು ಬರಬಹುದಿತ್ತು ಎಂದರೆ ನನ್ನ ಮಗಳು ಬಿಂಬಾ ನಂಬುವುದಿಲ್ಲ. ಇಲ್ಲಿರುವುದು ಓದುಮನೆ. ನಿಮ್ಮ ಕಾಲದ ಅರ್ಜಿಗಳೆಲ್ಲ ಅಲ್ಲಿವೆ. ಹಿರಿಯರು ಬರೆದುಕೊಟ್ಟದ್ದು ವಂಶಕ್ಕೆಲ್ಲ ಕಟ್ಟು. ಅದಕ್ಕೆ ಮಾತುಗಟ್ಟು ಎನ್ನುತ್ತಾರೆ. ಯಾರೂ ಒಪ್ಪದ ಕೆಲಸ ಬಂದಾಗ ಓದುಮನೆಯವರು ಅಂಥದೊಂದು ಅರ್ಜಿ ಹುಡುಕಿ, ನಕಲನ್ನು ಬಾಗಿಲಿಗೆ ಅಂಟಿಸಿ, ಮರ್ಯಾದೆಯಿಂದ ನೀರು ಕೇಳಿ ಕುಡಿದು ಹೋಗುತ್ತಾರೆ. ಸೋಮವಾರ ನಮ್ಮ ಬಾಗಿಲಿಗೆ ನಿಮ್ಮ ದುಂಡನೆಯ ಅಕ್ಷರ ಬಂತು. ಹತ್ತೊಂಬತ್ತರ ಬಿಂಬಾಳಿಗೆ ಉಪ್ಪುಗಾವಲು. ಕಾರವಾರದಾಚೆ ಸಮುದ್ರ ತಡೆಯುವ ಗೋಡೆಯೊಳಗೆ ಇಳಿದು ತೂಬುಗಳಿಗೆ ಕಟ್ಟಿದ ಉಪ್ಪು ಕೆರೆಯುವ ಕೆಲಸ ಅದು. ಪಕ್ಕದ ಮನೆಯ ಕಲ್ಲವ್ವನ ಸೊಸೆ ಹೋಗಿ ಒಂಬತ್ತು ವರ್ಷ. ವರ್ಷಕ್ಕೊಮ್ಮೆ ಒಗೆದು ಮಡಿಸಿದ ಅವಳ ಬಟ್ಟೆ ಮಾತ್ರ ಮನೆಗೆ ಬರುತ್ತದೆ.

ಅದು ಬರೀ ರೂಢಿಯ ಮಾತು, ಯಾರೂ ಮನಸ್ಸಿಟ್ಟು ಬರೆದದ್ದಲ್ಲ ಎಂದು ಓದುಮನೆಯಲ್ಲಿ ಬೇಡಿಕೊಂಡೆ. ಅಧಿಕಾರಿ ಸಾವಧಾನವಾಗಿ ಕೇಳಿಸಿಕೊಂಡು, ಹಾಗಿದ್ದರೆ ಕೆಳಗೆ ಸಹಿ ಯಾಕೆ ಹಾಕಿದರು ಎಂದರು. ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅಜ್ಜಿ.

ಆ ಸಾಲನ್ನು ಹೊಡೆದುಹಾಕಿ. ಆದರೆ ಒಂದನ್ನು ಮುಚ್ಚಿಡಲಾರೆ. ಆ ಕಂಪನಿಯ ಮ್ಯಾನೇಜರರು ಇಂಥ ವಿನಯದ ಸಾಲಿಲ್ಲದ ಅರ್ಜಿಗಳನ್ನು ಬದಿಗಿಡುತ್ತಿದ್ದರಂತೆ. ನಿಮ್ಮನ್ನು ಕರೆಯದೆ ಹೋದಾರು. ನೀವು ಅಜ್ಜನನ್ನು ಕಂಡದ್ದೇ ಆ ಪ್ರಯೋಗಾಲಯದಲ್ಲಿ. ಆ ಕೆಲಸ ಸಿಗದಿದ್ದರೆ ಅಜ್ಜನಿಲ್ಲ, ಆಮೇಲೆ ನಾವ್ಯಾರೂ ಇಲ್ಲ. ಹಾಗಾಗಿ ಬರೆಯುವ ಮೊದಲು ಬಿಂಬಾಳನ್ನೇ ಕೇಳಿದೆ. ನಾಳೆಯ ಪ್ರಯಾಣಕ್ಕೆ ಚೀಲ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ಹೊಡದ ಹಾಕ್ರಿ ಅಂತನ ಬರಿ, ಯವ್ವ" ಎಂದಳು.

ಇತಿ,
ಇರುವಷ್ಟು ಹೊತ್ತು ನಿಮ್ಮವಳು,
ಹೊನ್ನಾದೇವಿ