ಬೀಡಿ ಕಟ್ಟುವಲ್ಲಿ ಓದಿದ ವಿಡಂಬನೆ

ಉಪ್ಪಳ
ಜುಲೈ ೧೯೫೩

ಬೀಡಿ ಅಂಗಡಿಯ ಧಣಿಗಳಾದ ಗುಣಪಾಲ ಶೆಟ್ಟರಿಗೆ ಕುಂಞನ ನಮಸ್ಕಾರಗಳು.

ನಿನ್ನೆ ನೀವು ನನ್ನ ಓದನ್ನು ನಿಲ್ಲಿಸಿದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗ್ಗಿನಿಂದ ರೈಲು ಸ್ಟೇಷನ್ನಿನ ತನಕ ಹೋಗುವುದು, ಬರುವುದು, ಇಷ್ಟೇ. ಶಾಲೆಯನ್ನೂ ಹೀಗೇ ಕೂರಲಾಗದೆ ಬಿಟ್ಟವನು ನಾನು. ನಿಮ್ಮ ಕೆಲಸದವರು ಬೀಡಿ ಕಟ್ಟುವಾಗ ಅವರಿಗೆ ಓದಿ ಹೇಳುತ್ತಿದ್ದರೆ ಮಾತ್ರ ನನ್ನ ಕಾಲು ಸುಮ್ಮನಿರುತ್ತದೆ. ಅವರು ತಮ್ಮ ಕೂಲಿಯಿಂದ ಕೊಡುವ ಪಾಲೇ ನನ್ನ ಊಟ.

ನಿನ್ನೆ ಓದಿದ್ದು ನನಗೆ ಎಲ್ಲಕ್ಕಿಂತ ಇಷ್ಟವಾದ ವಿಡಂಬನೆಯ ಪುಸ್ತಕ. ಅದರಲ್ಲೊಬ್ಬ ಸಾಹುಕಾರ ಶಾಲೆಗೆ ದೀಪ ದಾನ ಮಾಡಿ, ಗಾಜಿನ ತುಂಬ ತನ್ನ ಹೆಸರು ಬರೆಸಿ, ಬೆಳಕೇ ಹೊರಬಾರದಂತೆ ಮಾಡುತ್ತಾನೆ. ಆಗ ಬೀಡಿ ಕಟ್ಟುತ್ತಿದ್ದ ಪೂವಪ್ಪಣ್ಣ, “ನಮ್ಮ ಧಣಿಗಳು ಶಾಲೆಗೆ ಕೊಟ್ಟ ಗಡಿಯಾರದಲ್ಲೂ ಹೆಸರೇ ಕಾಣುದು ಮಾರಾಯ, ಗಂಟೆ ಕಾಣುದಿಲ್ಲ” ಎಂದರು. ಎಲ್ಲರೂ ನಕ್ಕರು. ಬಾಗಿಲಲ್ಲಿ ನೀವಿದ್ದಿರಿ.

“ಆ ಸಾಹುಕಾರ ನಾನಲ್ಲ ಅಂತ ಎಲ್ಲರ ಎದುರು ಹೇಳು, ಮತ್ತೆ ಬೇಕಾದ್ರೆ ಓದು” ಎಂದಿರಿ. ಬರೆದವರು ನಿಮ್ಮನ್ನು ಕಂಡವರಲ್ಲ, ಅಷ್ಟನ್ನು ಹೇಳುತ್ತೇನೆ. ಹೋಲಿಕೆ ಇಲ್ಲವೆಂದು ಹೇಳಲಾರೆ. ನಾನೂ ನಕ್ಕಿದ್ದೆ.

ಒಂದು ವಿನಂತಿ. ಮುಂದಿನ ಅಧ್ಯಾಯದಲ್ಲಿ ಶಾಲೆ ಬಿಟ್ಟ ಹುಡುಗನೊಬ್ಬ ನಾಲ್ಕು ಪುಸ್ತಕ ಓದಿ ಊರಿಗೆಲ್ಲ ಬುದ್ಧಿ ಹೇಳಲು ಹೊರಡುತ್ತಾನೆ. ಅದನ್ನು ಒಬ್ಬನೇ ಓದಿಕೊಂಡಾಗ ನನ್ನ ಕಿವಿ ಬಿಸಿಯಾಗಿತ್ತು. ಅಪ್ಪಣೆ ಕೊಟ್ಟರೆ ಒಂದು ಸಾಲೂ ಬಿಡದೆ ಓದುತ್ತೇನೆ. ನಾಳೆ ನೀವು ನನ್ನ ಎದುರಿಗೇ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ನಗಬೇಕು.

ಅಂಗಡಿಯ ಹೊರಗೆ ಕಾಯುತ್ತಿರುವ,
ಕುಂಞ