ಅರ್ಧ ಕೋಟು

ನವೆಂಬರ್ ೧೧, ಮಂಗಳವಾರ. ಸಂತ ಮಾರ್ಟಿನರ ಹಬ್ಬ.

ಯಜಮಾನರ ಉಣ್ಣೆ ಕೋಟು ಹಾಳಾಯಿತು. ಹಾಳು ಮಾಡಿದವಳು ನಾನೇ, ಆದರೆ ತಪ್ಪು ಸೊಸೆಯದು.

ಬೆಳಿಗ್ಗೆ ಬಲಿಪೂಜೆಯಲ್ಲಿ ಫಾದರ್ ಹೇಳಿದ್ದು ಪ್ರತಿ ವರ್ಷದ ಅದೇ ಕಥೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಸಂತರು ತಮ್ಮ ಮೇಲಂಗಿ ಸೀಳಿ ಅರ್ಧ ಕೊಟ್ಟರು, ನೀವೂ ಹಾಗೆ ಸೇವೆ ಮಾಡಿ ಎಂದರು. ಸೊಸೆಗೆ ಅಷ್ಟು ಸಾಕಾಯಿತು. ಮಧ್ಯಾಹ್ನ ನೋಡುತ್ತೇನೆ, ಚರ್ಚಿನ ಗೇಟಿನ ಬಳಿ ಚಪ್ಪಲಿ ಹೊಲಿಯುವ ಮುದುಕ, ತೀರಿಹೋದ ನನ್ನ ಯಜಮಾನರ ಕೋಟು ತೊಟ್ಟು ಕೂತಿದ್ದಾನೆ!

ಸೊಸೆಯನ್ನು ಅಲ್ಲಿಗೇ ಎಳೆದುಕೊಂಡು ಹೋದೆ. "ಸಂತರು ಕೊಟ್ಟಿದ್ದು ಅವರದ್ದು ಕಣೇ, ಮಾವನದಲ್ಲ," ಎಂದೆ.

"ಎಂಟು ವರ್ಷದಿಂದ ಬೀರುವಿನಲ್ಲೇ ಇತ್ತಲ್ಲ ಅತ್ತೆ. ಹುಳ ತಿನ್ನೋದಕ್ಕಿಂತ..."

"ಓಹೋ! ಅರ್ಧ ತಾನೇ ಕೊಡಬೇಕು?"

ಮುದುಕನಿಂದ ಕೋಟು ಬಿಚ್ಚಿಸಿ, ಅವನದೇ ಕತ್ತರಿಯಿಂದ ಬೆನ್ನಿನ ಹೊಲಿಗೆಯುದ್ದಕ್ಕೂ ಕತ್ತರಿಸಿ, ಒಂದು ತೋಳಿರುವ ಅರ್ಧವನ್ನು ಅವನ ಮಡಿಲಿಗೆ ಎಸೆದೆ. ಜನ ನಿಂತು ನೋಡಿದರು. ನೋಡಲಿ.

"ಇಷ್ಟಾದ್ರೂ ಸಾಕು ತಾಯಿ," ಎಂದ ಅವನು.

ಸೊಸೆ ತನ್ನ ಶಾಲು ತೆಗೆದು ಅವನಿಗೆ ಹೊದಿಸಿದಳು. "ಇದು ನಂದೇ ಅಲ್ವಾ ಅತ್ತೆ?" ಎಂದಳು, ಎಲ್ಲರೆದುರಿಗೆ. ತವರಿನಿಂದ ತಂದದ್ದು.

ಮನೆವರೆಗೂ ನಡುಗುತ್ತಲೇ ನನ್ನ ಪಕ್ಕದಲ್ಲಿ ನಡೆದಳು. ಉಳಿದರ್ಧ ಕೋಟು ನನ್ನ ಕೈಯಲ್ಲೇ ಇತ್ತು. ಕೇಳಲಿ ಎಂದು ಕಾದೆ. ಕೇಳಲಿಲ್ಲ, ಹಟಮಾರಿ. ನಾನೂ ಕೊಡಲಿಲ್ಲ.

ಈಗ ಆಚೆ ಕೋಣೆಯಲ್ಲಿ ಕೆಮ್ಮುತ್ತಿದ್ದಾಳೆ. ಕೆಮ್ಮಲಿ. "ಅತ್ತೆ, ಚಳಿ" ಎಂದು ಒಂದೇ ಒಂದು ಮಾತು ಅಂದಿದ್ದರೆ...