ಪಕ್ಕದಲ್ಲಿ ಕೂತ ಮೀಥೈಲ್

ರಂಜಾನ್ ೯, ಮಧ್ಯಾಹ್ನ

ಮತ್ತೆ ಹನಿ ಬಿಡುವ ಕೊಳವೆ, ಬ್ಯುರೆಟ್, ತೊಳೆದೆ. ನೈಟ್ರೋ ಇರುವ ಬೆಂಜೋಯಿಕ್ ಆಮ್ಲ ಅಳೆದಾಯಿತು. ನೈಟ್ರೋ ಎಲೆಕ್ಟ್ರಾನ್ ಎಳೆಯುತ್ತದೆ, ಆಮ್ಲ ಜೋರಾಗುತ್ತದೆ. ಮೀಥೈಲ್ ಕೊಡುತ್ತದೆ, ಆಮ್ಲ ಮಂದವಾಗುತ್ತದೆ. ಮನ್ಸೂರಾ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಬಾಯಿಪಾಠ. ಈ ಆಮ್ಲಗಳ ವರದಿಯಲ್ಲಿ ಗೆದ್ದವರಿಗೆ ವಿಭಾಗದಲ್ಲೇ ಬೋಧನಾ ಸಹಾಯಕಿಯ ಹುದ್ದೆ. ಇರುವುದು ಒಂದೇ. ನನ್ನದೇ ಅದು.

ರಂಜಾನ್ ೧೦

ಬರೀ ಬೆಂಜೋಯಿಕ್ — 4.2. ಇಂಗಾಲದ ಉಂಗುರದಲ್ಲಿ ಮೀಥೈಲ್ ಆಮ್ಲದ ಗುಂಪಿನ ಎದುರು ತುದಿಯಲ್ಲಿದ್ದರೆ 4.4. ಸರಿ. ಪಕ್ಕದಲ್ಲೇ ಇದ್ದರೆ… 3.9! ಅಂಕಿ ಇಳಿದಷ್ಟೂ ಆಮ್ಲ ಜೋರು. ಅಂದರೆ ಪೂರಾ ಉಲ್ಟಾ.

ಗೆಳತಿ ರದ್ವಾ ನಕ್ಕಳು. "ಉಪವಾಸ ತಲೆಗೇರಿದೆ ಕಣೆ ಶಾಹಿಂದಾ. ಬಾಟಲಿ ಅದಲುಬದಲು ಮಾಡಿದೀಯ. ಸುಮ್ನೆ 4.4 ಅಂತ ಬರಿ. ನಾವೆಲ್ಲ ಅಳೀದೇನೇ ಬರ್ದಿಲ್ವಾ?"

ರಂಜಾನ್ ೧೩

ಬಾಟಲಿ ಸರಿಯಿದೆ. ಕರಗುವ ಬಿಂದು ನೋಡಿದೆ, ಪುಸ್ತಕದಲ್ಲಿದ್ದಷ್ಟೇ. ಮತ್ತೆ ಅಳೆದೆ. ಮತ್ತೆ 3.9.

ಡಾಕ್ಟರ್ ಇತಿಮಾದ್, ನಮ್ಮ ಪ್ರೊಫೆಸರ್, ಕನ್ನಡಕ ಇಳಿಸಿದರು. "ಇಡೀ ಕ್ಲಾಸು ಒಂದು ಹೇಳತ್ತೆ, ನೀನೊಬ್ಳು ಇನ್ನೊಂದು. ತಿದ್ದಿ ತರ್ತೀಯಾ?"

"ಇಲ್ಲ ಡಾಕ್ಟರ್."

"ಹಾಗಾದ್ರೆ ಮಂಗಳವಾರ ಕಾರಣ ತಗೊಂಡ್ ಬಾ. ಇಲ್ಲಾಂದ್ರೆ ಹುದ್ದೆ ಮರ್ತುಬಿಡು."

ಹೊರಗೆ ಬಂದ ಮೇಲೆ ಭಯವಾಯಿತು, ಸುಳ್ಳೇಕೆ. ಆದರೆ ತಿದ್ದುವುದಿಲ್ಲ.

ರಂಜಾನ್ ೧೬, ಸಂಜೆ

ಮನೆ ಕಡೆಯ ಮೈಕ್ರೋಬಸ್. ಪಕ್ಕಕ್ಕೆ ದಪ್ಪನೆಯ ಅಜ್ಜಿ, ಮಡಿಲಲ್ಲಿ ಕುನಾಫಾ ತಟ್ಟೆ. "ಸ್ವಲ್ಪ ಓರೆ ಕೂತ್ಕೊಳ್ಳೇ ಮಗಳೇ, ಮಿಠಾಯಿ ಜಜ್ಜಿಹೋಗತ್ತೆ!" ಕಿಟಕಿಗೆ ತಿರುಗಿ ಕೂತೆ. ಬಾಂಗ್ ಆಯಿತು. ಉಪವಾಸ ಬಿಡಲೆಂದು ರಸ್ತೆಯ ಹುಡುಗರು ಖರ್ಜೂರದ ಪೊಟ್ಟಣಗಳನ್ನು ಬಾಗಿಲಿಂದ ಒಳಗೆ ಕೊಟ್ಟರು. ಕೈಯಿಂದ ಕೈಗೆ ಬಂತು. ಬೆನ್ನು ತಿರುಗಿಸಿ ಕೂತ ನನಗೆ ಮಾತ್ರ ಸಿಗಲಿಲ್ಲ.

ಅರೆ! ಮೀಥೈಲ್ ಪಕ್ಕದಲ್ಲೇ ಒತ್ತಿ ಕೂತರೆ ಆಮ್ಲದ ಗುಂಪೂ ಹೀಗೇ ಓರೆ. ಉಂಗುರ ಹಂಚುವ ಎಲೆಕ್ಟ್ರಾನ್ ಅದಕ್ಕೆ ಸಿಗದು. ಆಗ ಪ್ರೋಟಾನನ್ನು ಬೇಗ ಬಿಟ್ಟುಕೊಡುತ್ತದೆ, ಅಂದರೆ ಆಮ್ಲ ಜೋರು. ಜೋರಾಗಿ ನಕ್ಕೆ. ಅಜ್ಜಿ ಕನಿಕರಪಟ್ಟು ಕುನಾಫಾ ಕೊಟ್ಟರು.

ರಂಜಾನ್ ೧೮, ಸಂಜೆ, ಪ್ರಯೋಗಾಲಯ

ಅಜ್ಜಿಯನ್ನೂ ಸೇರಿಸಿ ಹೇಳಿದೆ. ಡಾಕ್ಟರ್ ತುಂಬಾ ಹೊತ್ತು ನಕ್ಕರು. "ಪ್ರತಿ ವರ್ಷ ಇದೇ ಆಮ್ಲ ಕೊಡ್ತೀನಿ. ಪ್ರತಿ ವರ್ಷ ಎಲ್ಲರೂ 4.4 ಬರ್ಕೊಂಡ್ ಬರ್ತಾರೆ." ಪ್ರಯೋಗಾಲಯದ ಬೀಗದ ಕೈ ಮುಂದಿಟ್ಟರು. "ಇನ್ಮೇಲೆ ನೀನೇ ಬಾಗಿಲು ತೆಗಿ." ಕಣ್ಣು ತುಂಬಿ ಬಂತು.

ಹೊರಗೆ ರದ್ವಾ ನಿಂತಿದ್ದಳು. "ನಂಗೂ ಒಂದ್ಸಲ ಅಳ್ಯೋಕೆ ಬಿಡ್ತೀಯೇನೇ?"

ಬೀಗ ತೆಗೆದೆ. ಈಗ ಅವಳೇ ಹನಿ ಬಿಡುತ್ತಿದ್ದಾಳೆ, ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಬಾಂಗ್ ಆಯಿತು. ಖರ್ಜೂರ ಚೀಲದಲ್ಲೇ ಇದೆ, ಅವಳು ಏಳುತ್ತಿಲ್ಲ. ಮೀಟರಿನ ಅಂಕಿ ನಿಲ್ಲುತ್ತಿದೆ. "ಶಾಹಿಂದಾ, ಬಾರೇ, ನೋಡೇ, ಮೂರು ಪಾಯಿಂಟ್—"